ಕಾರಿನ ಸ್ಪೀಕರ್ ಬಾಕ್ಸ್‌ಗೆ ಫೈಬರ್‌ಗ್ಲಾಸ್ ಸಾಮಾನು: ಏನು ತರಬೇಕು, ಎಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಏನು ಕೇಳಬೇಕು

ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ತೆಗೆದು ನೋಡಿ. ಹಿಂದಿನ ಚಕ್ರದ ಉಬ್ಬಿನ ಪಕ್ಕದಲ್ಲಿ ಒಂದು ಮೂಲೆ ಖಾಲಿ ಬಿದ್ದಿರುತ್ತದೆ. ನೀರಿನ ಬಾಟಲಿ, ಒರೆಸುವ ಬಟ್ಟೆ ಬಿಟ್ಟರೆ ಅಲ್ಲಿ ಏನೂ ಕೂರುವುದಿಲ್ಲ. ಗೋಡೆ ಸೊಟ್ಟ, ನೆಲ ಸೊಟ್ಟ. ಆದರೆ ಅಲ್ಲೇ 10 ಇಂಚಿನ ಸಬ್‌ವೂಫರ್, ಅಂದರೆ ಬೇಸ್ ಸದ್ದಿನ ದೊಡ್ಡ ಸ್ಪೀಕರ್, ಕೂರಿಸಬಹುದು. ಮರದ ಚೌಕ ಬಾಕ್ಸ್ ಇಟ್ಟರೆ ಅರ್ಧ ಡಿಕ್ಕಿ ಹೋಯಿತು. ಊರಿಗೆ ಹೊರಟ ದಿನ ಅಕ್ಕಿ ಮೂಟೆ ಎಲ್ಲಿಡೋದು ಅಂತ ಮನೆಯಲ್ಲಿ ಮಾತು ಬರುತ್ತದೆ. ಫೈಬರ್‌ಗ್ಲಾಸ್ ಆದರೆ ಆ ಸೊಟ್ಟ ಮೂಲೆಯ ಅಚ್ಚನ್ನೇ ತೆಗೆದುಕೊಳ್ಳುತ್ತದೆ. ಮೂಟೆಯೂ ಕೂರುತ್ತದೆ, ಹಾಡೂ ಕೇಳುತ್ತದೆ.

ಮಾಡುವ ವಿಧಾನ ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ. ಸಾಮಾನು ತರುವುದನ್ನು ಹೇಳಿಕೊಡುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಕೆಟ್ಟ ಬಾಕ್ಸ್‌ಗಳಲ್ಲಿ ಜಾಸ್ತಿಯವು ಕೈಕೆಲಸದಲ್ಲಿ ಕೆಟ್ಟಿದ್ದಲ್ಲ, ಅಂಗಡಿಯಲ್ಲೇ ಕೆಟ್ಟಿದ್ದು. ನನ್ನ ಮೊದಲ ಬಾಕ್ಸ್ ಹಾಗೇ ಆಯಿತು. ಒಂದು ಪೇಂಟ್ ಅಂಗಡಿಯಲ್ಲಿ ಬಿಡಿ ರೆಸಿನ್ (ಗಟ್ಟಿಯಾಗಿ ಪ್ಲಾಸ್ಟಿಕ್ ಆಗುವ ದ್ರವ) ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು ಸಣ್ಣ ಬಾಟಲಿ ತಂದೆ. ಅಳತೆ ಸರಿಯಾಗಿಯೇ ಬೆರೆಸಿದೆ. ಮೂರು ದಿನ ಕಳೆದರೂ ಬೆರಳಿಟ್ಟರೆ ಅಂಟುತ್ತಿತ್ತು. ಆ ರೆಸಿನ್‌ಗೆ ಕೋಬಾಲ್ಟ್, ಅಂದರೆ ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ, ಸೇರಿಸಿರಲಿಲ್ಲ. ಅವರು ಹೇಳಲಿಲ್ಲ, ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ರೆಸಿನ್ ಕುಡಿಸಿದ ಗಾಜಿನ ಎಳೆಯ ಹಾಳೆ, ಅಂದರೆ ಮ್ಯಾಟ್, ಅಷ್ಟನ್ನೂ ಕೆರೆದು ಎಸೆಯಬೇಕಾಯಿತು. ಈ ಬರಹ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಅಂಗಡಿಗೆ ಹೋಗುವ ಮುಂಚೆ ಲೆಕ್ಕ

ಮೊದಲು ಸ್ಪೀಕರ್ ಜೊತೆ ಬಂದ ಕಾಗದ ಓದಿ. ಸೀಲ್ಡ್ ಬಾಕ್ಸ್‌ಗೆ (ಗಾಳಿ ಆಚೆ ಹೋಗದಂತೆ ಮುಚ್ಚಿದ ಬಾಕ್ಸ್) ಎಷ್ಟು ಲೀಟರ್ ಗಾಳಿ ಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಕೆಲವು ಕಂಪನಿಗಳು ಘನ ಅಡಿಯಲ್ಲಿ ಕೊಡುತ್ತವೆ. 1 ಘನ ಅಡಿ ಅಂದರೆ 28.3 ಲೀಟರ್. 10 ಇಂಚಿನ ಸಬ್‌ವೂಫರ್‌ಗೆ ಸಾಮಾನ್ಯವಾಗಿ 15ರಿಂದ 20 ಲೀಟರ್ ಕೇಳುತ್ತಾರೆ. ಸ್ಪೀಕರಿನ ಮ್ಯಾಗ್ನೆಟ್ ಕೂಡ ಒಳಗೆ ಜಾಗ ತಿನ್ನುತ್ತದೆ, ಅದಕ್ಕೆ ಒಂದೆರಡು ಲೀಟರ್ ಸೇರಿಸಿಕೊಳ್ಳಿ.

ಆಮೇಲೆ ಮೇಲ್ಮೈ ಎಷ್ಟು ಅಂತ ಅಳೆಯಬೇಕು. ಸೊಟ್ಟ ಮೂಲೆಗೆ ಟೇಪು ಹಿಡಿದು ಅಳೆಯಲು ಹೋಗಬೇಡಿ. ಹಳೇ ನ್ಯೂಸ್‌ಪೇಪರ್ ತೆಗೆದುಕೊಂಡು ಮೂಲೆಗೆ ಒತ್ತಿ ಕೂರಿಸಿ. ಬಾಕ್ಸ್ ಎಲ್ಲಿವರೆಗೆ ಬರಬೇಕೋ ಅಲ್ಲಿಗೆ ಕತ್ತರಿಸಿ. ಆ ತುಂಡುಗಳನ್ನು ನೆಲದ ಮೇಲೆ ಹರಡಿ ಜೋಡಿಸಿದರೆ ಅಳತೆ ತಾನಾಗಿ ಸಿಗುತ್ತದೆ. ಇದೇ ತುಂಡುಗಳನ್ನು ಎತ್ತಿಡಿ, ಮುಂದೆ ಮ್ಯಾಟ್ ಕತ್ತರಿಸುವಾಗ ಅವೇ ಅಳತೆಪಟ್ಟಿ.

ನಮ್ಮ ಲೆಕ್ಕಕ್ಕೆ ಮೂಲೆಗೆ ಒರಗುವ ಹಿಂದಿನ ಚಿಪ್ಪು 0.6 ಚದರ ಮೀಟರ್, ಬಟ್ಟೆ ಎಳೆದು ಮಾಡುವ, ಸ್ಪೀಕರ್ ಕೂರುವ ಮುಂದಿನ ಮುಖ 0.3 ಚದರ ಮೀಟರ್, ಒಟ್ಟು 0.9 ಅಂತ ಇಟ್ಟುಕೊಳ್ಳೋಣ. ಸಬ್‌ವೂಫರ್ ಬಾಕ್ಸ್‌ನ ಗೋಡೆ ಕನಿಷ್ಠ 6 ಮಿಲಿಮೀಟರ್ ದಪ್ಪ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ತೆಳುವಾದರೆ ಗೋಡೆಯೇ ಅದುರುತ್ತದೆ. ಬೇಸ್ ಬರುವ ಕಡೆ ಬರೀ ಡಬಡಬ ಸದ್ದು ಬರುತ್ತದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಹಾಕಿದರೆ ಹತ್ತಿರ ಹತ್ತಿರ 1 ಮಿಲಿಮೀಟರ್ ದಪ್ಪ ಬರುತ್ತದೆ. ಅಂದರೆ 6 ಪದರ.

0.9 ಗುಣಿಸು 6, ಅಂದರೆ 5.4 ಚದರ ಮೀಟರ್ ಮ್ಯಾಟ್. ಅದರ ತೂಕ 2.43 ಕೆ.ಜಿ. ಕತ್ತರಿಸುವಾಗ ಚೂರುಪಾರು ಹೋಗುತ್ತದೆ, ಆದ್ದರಿಂದ 3 ಕೆ.ಜಿ. ತನ್ನಿ. ಮ್ಯಾಟ್ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಅದಕ್ಕೆ ಸುಮಾರು 5.5 ಕೆ.ಜಿ. ಆಯಿತು. ಮುಂದಿನ ಮುಖದ ಬಟ್ಟೆ, ಬ್ರಷ್, ಡಬ್ಬಿಯ ತಳ ಇವೆಲ್ಲ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಒಟ್ಟು 7 ಕೆ.ಜಿ. ರೆಸಿನ್ ಸಾಕು. ಹಾರ್ಡನರ್ ಶೇ 1.5ರ ಲೆಕ್ಕದಲ್ಲಿ 105 ಗ್ರಾಂ ಬೇಕು, 150 ಗ್ರಾಂ ತಂದರೆ ಪರೀಕ್ಷೆಗೂ ಆಗುತ್ತದೆ. ಈ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಇದ್ದರೆ ಅಂಗಡಿಯವರು ಮಾತಾಡುವ ರೀತಿಯೇ ಬದಲಾಗುತ್ತದೆ.

ರೆಸಿನ್

ಎಫ್‌ಆರ್‌ಪಿ, ಅಂದರೆ ಫೈಬರ್‌ಗ್ಲಾಸ್, ಕೆಲಸದವರ ಬಾಯಲ್ಲಿ ಇದು ಜಿ.ಪಿ. ರೆಸಿನ್. ಜನರಲ್ ಪರ್ಪಸ್ ಪಾಲಿಯೆಸ್ಟರ್ ರೆಸಿನ್ ಅನ್ನುವುದರ ಮೊಟಕು ಹೆಸರು. ನೀರಿನ ತೊಟ್ಟಿ, ಶೀಟು, ಗೊಂಬೆ ಮಾಡಲು ಬಳಸುವುದು ಇದನ್ನೇ. ಐಸೋ ರೆಸಿನ್, ವಿನೈಲ್ ಎಸ್ಟರ್ ಅಂತ ದುಬಾರಿಯವೂ ಇವೆ. ರಾಸಾಯನಿಕ, ಉಪ್ಪುನೀರು ತಾಗುವ ಕಡೆ ಅವು ಬೇಕು. ನಮ್ಮ ಡಿಕ್ಕಿಗೆ ಬೇಡ. ಜಿ.ಪಿ. ಸಾಕು.

ಎಪಾಕ್ಸಿ ಅನ್ನುವ ಇನ್ನೊಂದು ಥರದ ರೆಸಿನ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಎಪಾಕ್ಸಿ ಗಟ್ಟಿ, ವಾಸನೆ ಕಡಿಮೆ, ಹಿಡಿತ ಚೆನ್ನಾಗಿದೆ. ಬೆಲೆ ಜಾಸ್ತಿ. ಇನ್ನೊಂದು ತೊಡಕಿದೆ. ನಾವು ಬಳಸುವ ಮ್ಯಾಟ್, ಅಂದರೆ ಚಾಪ್ ಮ್ಯಾಟ್‌ನ ಎಳೆಗಳನ್ನು ಒಂದಕ್ಕೊಂದು ಹಿಡಿದಿಡಲು ಒಂದು ಅಂಟು ಹಾಕಿರುತ್ತಾರೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅನ್ನುವ ಘಾಟು ವಾಸನೆಯ ದ್ರವ ಆ ಅಂಟನ್ನು ಕರಗಿಸುತ್ತದೆ, ಮ್ಯಾಟ್ ಮೆತ್ತಗಾಗಿ ಮೂಲೆಗೆ ಕೂರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ಸೆಟೆದುಕೊಂಡೇ ಇರುತ್ತದೆ. ಎಪಾಕ್ಸಿ ಬಳಸುವವರು ಚಾಪ್ ಮ್ಯಾಟ್ ಬಿಟ್ಟು ನೇಯ್ದ ಗ್ಲಾಸ್ ಬಟ್ಟೆ ತರಬೇಕು. ಅಲಂಕಾರದ ಮೇಜು, ಕೀ ಚೈನ್ ಮಾಡಲು ಮಾರುವ ಗಾಜಿನಂಥ ಆರ್ಟ್ ರೆಸಿನ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಅಚ್ಚಿಗೆ ಸುರಿಯಲು ಮಾಡಿದ್ದು. ಗೋಡೆಯ ಮೇಲೆ ನಿಲ್ಲದೆ ಕೆಳಗೆ ಸುರಿದುಹೋಗುತ್ತದೆ.

ಈಗ ಆ ಪ್ರಶ್ನೆಗೆ ಬರೋಣ. ಪಾಲಿಯೆಸ್ಟರ್ ರೆಸಿನ್ ನಮ್ಮ ಹವೆಯಲ್ಲಿ ತಾನಾಗಿ ಗಟ್ಟಿಯಾಗಬೇಕಾದರೆ ಎರಡು ಸಾಮಾನು ಬೇಕು. ಒಂದು ಕೋಬಾಲ್ಟ್, ಅಂದರೆ ವೇಗವರ್ಧಕ. ಇನ್ನೊಂದು ಹಾರ್ಡನರ್, ಇದನ್ನು ಎಂ.ಇ.ಕೆ.ಪಿ. ಅಂತಲೂ ಕರೆಯುತ್ತಾರೆ. ಕೋಬಾಲ್ಟ್ ಇಲ್ಲದ ರೆಸಿನ್‌ಗೆ ಎಷ್ಟೇ ಹಾರ್ಡನರ್ ಹಾಕಿದರೂ ಅದು ಸರಿಯಾಗಿ ಸೆಟ್ ಆಗಲ್ಲ. ಆದ್ದರಿಂದ ಅಂಗಡಿಯಲ್ಲಿ ಮೊದಲ ಮಾತೇ ಇದಾಗಲಿ:

"ಅಣ್ಣಾ, ಈ ರೆಸಿನ್‌ಗೆ ಕೋಬಾಲ್ಟ್ ಹಾಕಿದೀರಾ?"

"ಹಾಕಿದೀವಿ ಸರ್. ಹಾರ್ಡನರ್ ಒಂದೇ ಸಾಕು."

ಈ ಉತ್ತರ ಬಂದರೆ ಕೊಳ್ಳಿ. "ಇಲ್ಲ, ಬೇರೆ ತಗೊಳ್ಳಿ" ಅಂದರೆ, ಅವರೇ ಹಾಕಿ ಕಲಸಿ ಕೊಡುತ್ತಾರಾ ಅಂತ ಕೇಳಿ. ಸುಮಾರು ಕಡೆ ಮಾಡಿಕೊಡುತ್ತಾರೆ. ಹಾಕಿದ ರೆಸಿನ್‌ಗೆ ಸಾಮಾನ್ಯವಾಗಿ ನಸುಗೆಂಪು ಇಲ್ಲವೇ ನೇರಳೆ ಛಾಯೆ ಇರುತ್ತದೆ. ಹಾಗಂತ ಬಣ್ಣವನ್ನೇ ನಂಬಬೇಡಿ, ಬಾಯಿ ಬಿಟ್ಟು ಕೇಳಿ.

ಕೋಬಾಲ್ಟ್ ಬೇರೆ ಬಾಟಲಿಯಲ್ಲೇ ತರಬೇಕಾಗಿ ಬಂದರೆ ಒಂದು ಎಚ್ಚರಿಕೆ ಇದೆ. ಇದನ್ನು ಎರಡು ಸಲ ಓದಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ತಾಗಬಾರದು. ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಬೇಕು. ಆಮೇಲೆ, ಬೇರೆ ಸಿರಿಂಜ್‌ನಿಂದ, ಹಾರ್ಡನರ್. ಒಂದೇ ಸಿರಿಂಜ್, ಒಂದೇ ಕಡ್ಡಿ, ಒಂದೇ ಚೀಲ ಯಾವುದೂ ಬೇಡ. ಕೋಬಾಲ್ಟ್‌ನ ಸಾಂದ್ರತೆ ಒಂದೊಂದು ಕಡೆ ಒಂದೊಂದು ಥರ, ಆದ್ದರಿಂದ ಕೆ.ಜಿ.ಗೆ ಎಷ್ಟು ಅನ್ನುವುದನ್ನು ಮಾರಿದವರಿಂದಲೇ ಬರೆಸಿಕೊಳ್ಳಿ.

ಎರಡನೇ ಪ್ರಶ್ನೆ: "ಈ ಡ್ರಮ್ ಯಾವಾಗ ಬಂದಿದ್ದು?" ರೆಸಿನ್ ಹಾಲಿನ ಹಾಗೆ. ಇಟ್ಟಲ್ಲೇ ಕೆಡುತ್ತದೆ. ತಂಪಾದ ಜಾಗದಲ್ಲಿ ಕೆಲವು ತಿಂಗಳು ಬಾಳುತ್ತದೆ, ತಗಡಿನ ಚಾವಣಿಯ ಕೆಳಗೆ ಬೇಸಿಗೆಯಲ್ಲಿ ಅಷ್ಟು ದಿನ ಬಾಳುವುದಿಲ್ಲ. ಡ್ರಮ್ ಮೇಲೆ ತಯಾರಾದ ತಿಂಗಳು ಇರುತ್ತದೆ, ನೋಡಲು ಸಂಕೋಚ ಬೇಡ. ಡಬ್ಬಿಗೆ ಸುರಿಯುವಾಗ ಕಣ್ಣಿಟ್ಟಿರಿ. ತೆಳು ಜೇನುತುಪ್ಪದಂತೆ ಎಳೆ ಕಡಿಯದೆ ಬೀಳಬೇಕು. ನಡುವೆ ಲೋಳೆಯ ಗಂಟು ಬಿದ್ದರೆ ಬೇಡ ಅಂತ ಹೇಳಿ ಬನ್ನಿ.

ಮ್ಯಾಟ್

ಚಾಪ್ ಮ್ಯಾಟ್ ಅಂದರೆ ಎರಡು ಇಂಚಿನಷ್ಟು ಉದ್ದದ ಗಾಜಿನ ಎಳೆಗಳನ್ನು ದಿಕ್ಕಿಲ್ಲದೆ ಹರಡಿ ಒತ್ತಿದ ಹಾಳೆ. 300 ಗ್ರಾಂ ಮತ್ತು 450 ಗ್ರಾಂ ಎರಡೂ ಸುಲಭವಾಗಿ ಸಿಗುತ್ತವೆ. ಚದರ ಮೀಟರಿಗೆ ಅಷ್ಟು ತೂಕ ಅಂತ ಅರ್ಥ. ತಿರುವು ಜಾಸ್ತಿ ಇರುವ ಕಡೆ ಮೊದಲ ಪದರಕ್ಕೆ 300 ಚೆನ್ನಾಗಿ ಬಾಗುತ್ತದೆ. ಉಳಿದದ್ದಕ್ಕೆ 450. ನಾನು 3 ಕೆ.ಜಿ.ಯಲ್ಲಿ ಅರ್ಧ ಕೆ.ಜಿ. ಮಾತ್ರ 300 ತರುತ್ತೇನೆ.

ಬಿಡಿಯಾಗಿ ಕೊಳ್ಳುವಾಗ ತೂಕದ ಲೆಕ್ಕದಲ್ಲಿ ಕೊಳ್ಳಿ. ಅಲಂಕಾರದ ಪ್ಯಾಕೆಟ್‌ನಲ್ಲಿ ಮೀಟರ್ ಲೆಕ್ಕ ಮಾರುವವರು ಎಷ್ಟು ಗ್ರಾಂನ ಮ್ಯಾಟ್ ಅಂತ ಹೇಳುವುದೇ ಇಲ್ಲ. ರೋಲ್‌ನ ಹೊರಸುತ್ತು ಬೇಡ ಅನ್ನಿ. ಅದು ಧೂಳು, ತೇವ ಹಿಡಿದಿರುತ್ತದೆ. ಮಳೆಗಾಲದಲ್ಲಂತೂ ಇದು ದೊಡ್ಡ ವಿಷಯ. ತೇವ ಕುಡಿದ ಮ್ಯಾಟ್ ಮೇಲೆ ರೆಸಿನ್ ಹಚ್ಚಿದರೆ ಎಳೆಗಳ ನಡುವೆ ಬಿಳಿ ಮಚ್ಚೆ ಉಳಿಯುತ್ತದೆ, ಪದರ ಆಮೇಲೆ ಬಿಟ್ಟುಕೊಳ್ಳುತ್ತದೆ. ಕರಾವಳಿಯವರು ಮ್ಯಾಟ್ ತಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೆಲಸದ ದಿನ ಬೆಳಿಗ್ಗೆ ಒಂದೆರಡು ಗಂಟೆ ಬಿಸಿಲಿಗೆ ಹಾಕುವುದು ಒಳ್ಳೆಯದು.

ವೋವನ್ ರೋವಿಂಗ್ ಅನ್ನುವ ಚಾಪೆಯಂಥ ದಪ್ಪ ನೇಯ್ಗೆಯೂ ಸಿಗುತ್ತದೆ. ಗಟ್ಟಿ ನಿಜ, ಆದರೆ ಸಣ್ಣ ಮೂಲೆಗಳಿಗೆ ಬಾಗುವುದಿಲ್ಲ. ಮೊದಲ ಬಾಕ್ಸ್ ಮಾಡುವವರಿಗೆ ಬೇಡ.

ಹಾರ್ಡನರ್

ನೋಡಲು ನೀರೇ. ಅದೇ ಅದರ ಅಪಾಯ. ಬಿಡಿ ಮಾರುವಾಗ ಸಿಕ್ಕ ಬಾಟಲಿಗೆ ಸುರಿದು ಕೊಡುವ ಅಭ್ಯಾಸ ಕೆಲವು ಕಡೆ ಇದೆ. ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಕಂಪನಿಯ ಸಣ್ಣ ಪ್ಲಾಸ್ಟಿಕ್ ಬಾಟಲಿಯೇ ಬೇಕು ಅಂತ ಹಟ ಹಿಡಿಯಿರಿ. ಮನೆಗೆ ಬಂದ ಕೂಡಲೇ ಮೇಲೆ "ವಿಷ, ಹಾರ್ಡನರ್" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ, ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಜಾಗದಲ್ಲಿಡಿ. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕದೆ ಮುಚ್ಚಳ ತೆಗೆಯಬೇಡಿ. ಬಿದ್ದರೆ ಆ ಕ್ಷಣವೇ ಕಣ್ಣು ಅಗಲಿಸಿ ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ನೀರು ಬಿಡಬೇಕು, ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಇದನ್ನು ಬ್ರಷ್ ತೊಳೆಯುವ ಅಸಿಟೋನ್ ಜೊತೆಗೂ ಬೆರೆಸಬಾರದು. ಮಿಗಿಸಿದ ಹಾರ್ಡನರ್ ಅನ್ನು ಬ್ರಷ್ ತೊಳೆಯುವ ಡಬ್ಬಿಗೆ ಸುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಚಿಲ್ಲರೆ ಸಾಮಾನು

ಮಾಸ್ಕ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಬಟ್ಟೆ ಮಾಸ್ಕ್, ಎನ್ 95 ಮಾಸ್ಕ್ ಧೂಳಿಗೆ ಸರಿ, ಸ್ಟೈರೀನ್ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧ ಮುಖದ ಮಾಸ್ಕ್ ಬೇಕು. ಕೈಗಾರಿಕಾ ಸುರಕ್ಷತಾ ಸಾಮಾನಿನ ಅಂಗಡಿಗಳಲ್ಲಿ, ಕಾರ್ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಗಡ್ಡ ಬಿಟ್ಟವರಿಗೆ ಅದು ಸರಿಯಾಗಿ ಅಂಟಿ ಕೂರುವುದಿಲ್ಲ ಅನ್ನುವುದು ನೆನಪಿರಲಿ. ಕೈಗೆ ನೈಟ್ರೈಲ್ ಗ್ಲವ್ಸ್, ಒಂದು ಡಬ್ಬಿಯೇ ತನ್ನಿ. ಒಂದು ದಿನಕ್ಕೆ ಏಳೆಂಟು ಜೊತೆ ಹರಿಯುತ್ತವೆ.

ಇನ್ನು ಎರಡು ಇಂಚಿನ ಅಗ್ಗದ ಬ್ರಷ್ ಅರ್ಧ ಡಜನ್. ಗಾಳಿಗುಳ್ಳೆ ಒತ್ತಿ ಹೊರಹಾಕಲು ಹಲ್ಲುಹಲ್ಲಿನ ಸಣ್ಣ ಎಫ್‌ಆರ್‌ಪಿ ರೋಲರ್ ಒಂದು. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. 5 ಎಂ.ಎಲ್. ಸಿರಿಂಜ್‌ಗಳು. ಒಂದು ಲೀಟರ್ ಅಸಿಟೋನ್. ಮಾಸ್ಕಿಂಗ್ ಟೇಪ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಮೇಣದ ಪಾಲಿಶ್. 18 ಎಂ.ಎಂ. ದಪ್ಪದ ಎಂ.ಡಿ.ಎಫ್. (ಮರದ ನಾರು ಒತ್ತಿದ ಹಲಗೆ) ತುಂಡು, ಸ್ಪೀಕರ್ ಕೂರುವ ಬಳೆಗೆ. ಮುಂದಿನ ಮುಖಕ್ಕೆ ಎಲ್ಲ ಕಡೆಗೂ ಎಳೆಯಲು ಬರುವ ಬಟ್ಟೆ. ಹಳೇ ಕಾಟನ್ ಟೀ ಶರ್ಟ್ ಆಗುತ್ತದೆ, ಫ್ಲೀಸ್ ಬಟ್ಟೆ ಇನ್ನೂ ಚೆನ್ನ, ಅದು ರೆಸಿನ್ ಜಾಸ್ತಿ ಹೀರಿ ಗಟ್ಟಿಯಾಗುತ್ತದೆ. ಕೊನೆಯಲ್ಲಿ ಕಾರ್ ಟಿಂಕರಿಂಗ್‌ನವರು ಬಳಸುವ ಬಾಡಿ ಪುಟ್ಟಿ 1 ಕೆ.ಜಿ., 80ರಿಂದ 240 ನಂಬರಿನವರೆಗೆ ಉಪ್ಪು ಕಾಗದ.

ಥರ್ಮಾಕೋಲ್ ಇಟ್ಟು ಆಕಾರ ಮಾಡಿಕೊಳ್ಳೋಣ ಅನ್ನಿಸಬಹುದು. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕಣ್ಣೆದುರಿಗೇ ಕರಗಿ ಹಳ್ಳವಾಗುತ್ತದೆ. ಆಕಾರ ಬೇಕೇ ಬೇಕು ಅಂದರೆ ಪಿ.ಯು. ಫೋಮ್ ಬಳಸಿ.

ಎಲ್ಲಿಗೆ ಹೋಗಬೇಕು

ಬೆಂಗಳೂರಿನವರಿಗೆ ರೆಸಿನ್, ಮ್ಯಾಟ್, ಹಾರ್ಡನರ್ ಮೂರಕ್ಕೂ ಪೀಣ್ಯ ಕಡೆ ಹೋಗುವುದೇ ಸರಿ. ಅಲ್ಲಿ ಎಫ್‌ಆರ್‌ಪಿ ಕೆಲಸದವರಿಗೆ ದಿನವೂ ಡ್ರಮ್‌ಗಟ್ಟಲೆ ಸರಕು ಸಾಗುತ್ತದೆ, ಆದ್ದರಿಂದ ಮಾಲು ಹಳೆಯದಾಗಿ ಕೂರುವುದಿಲ್ಲ. ವಾರದ ದಿನ, ಊಟದ ಹೊತ್ತಿಗೆ ಮುಂಚೆ ಹೋಗಿ. ಭಾನುವಾರ ಹೋಗಿ ಷಟರ್ ನೋಡಿಕೊಂಡು ಬರಬೇಡಿ. "ಏಳು ಕೆ.ಜಿ.ನಾ?" ಅಂತ ಕೆಲವರು ಮುಖ ತಿರುಗಿಸಬಹುದು. ಆಗ ಅಕ್ಕಪಕ್ಕದಲ್ಲಿ ತೊಟ್ಟಿ, ಶೀಟು ಮಾಡುವ ಶೆಡ್ ಹುಡುಕಿ, ಅಲ್ಲಿಯ ಮೇಸ್ತ್ರಿಯನ್ನು ಕೇಳಿ. ಅವರ ಡ್ರಮ್‌ನಿಂದಲೇ ತೂಗಿ ಕೊಡುವುದುಂಟು. ದಿನವೂ ಅದನ್ನೇ ಹಚ್ಚುವವರ ಕೈಯಿಂದ ತಂದ ರೆಸಿನ್‌ಗಿಂತ ನಂಬಿಕೆಯ ರೆಸಿನ್ ಇಲ್ಲ. ಜೊತೆಗೆ ಹತ್ತು ನಿಮಿಷ ನಿಂತು ಅವರ ಕೈ ನೋಡಿ. ಬ್ರಷ್ ಎಳೆಯುವುದಿಲ್ಲ, ಕುಟ್ಟುತ್ತಾರೆ. ಎಳೆದರೆ ಮ್ಯಾಟ್‌ನ ಎಳೆಗಳು ಎದ್ದು ಬ್ರಷ್‌ಗೆ ಸುತ್ತಿಕೊಳ್ಳುತ್ತವೆ.

ಈ ಕೈಕೆಲಸ ಬೆಂಗಳೂರಿಗೆ ಹೊಸದಲ್ಲ. 1980ರ ದಶಕದಲ್ಲಿ ಸಿಪಾನಿ ಡಾಲ್ಫಿನ್ ಅನ್ನುವ ಕಾರು ಇದೇ ಊರಿನಲ್ಲಿ ತಯಾರಾಗುತ್ತಿತ್ತು, ಅದರ ಇಡೀ ಬಾಡಿ ಫೈಬರ್‌ಗ್ಲಾಸ್. ನಾವು ಮಾಡುತ್ತಿರುವುದು ಡಿಕ್ಕಿಯ ಒಂದು ಮೂಲೆ ಅಷ್ಟೇ.

ಜೆ.ಸಿ. ರಸ್ತೆಯಲ್ಲಿ ಕಾರ್ ಸಾಮಾನಿನ ಅಂಗಡಿಗಳಿವೆ. ಸ್ಪೀಕರ್ ಜಾಲರಿ, ಬಾಕ್ಸ್‌ಗೆ ಅಂಟಿಸುವ ಕಾರ್ಪೆಟ್ ಬಟ್ಟೆ, ಅದುರುವುದನ್ನು ತಡೆಯುವ ಡ್ಯಾಂಪಿಂಗ್ ಶೀಟು ಅಲ್ಲಿ ನೋಡಿ. ರೆಸಿನ್ ಅವರ ವ್ಯಾಪಾರವಲ್ಲ, ಅಲ್ಲಿ ಕೇಳಬೇಡಿ. ಟರ್ಮಿನಲ್, ವೈರು, ಫ್ಯೂಸ್ ಎಸ್.ಪಿ. ರಸ್ತೆಯಲ್ಲಿ. ಎಂ.ಡಿ.ಎಫ್. ತುಂಡು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಇಲ್ಲವೇ ನಿಮ್ಮ ಬಡಗಿಯ ಬಳಿ ಮಿಕ್ಕಿದ ಚೂರಿನಲ್ಲೇ ಸಿಗಬಹುದು. ಬಟ್ಟೆಗೆ ಚಿಕ್ಕಪೇಟೆ.

ಕರಾವಳಿಯವರು ಅದೃಷ್ಟವಂತರು. ಮಲ್ಪೆ, ಮಂಗಳೂರು ಕಡೆ ಮೀನುಗಾರಿಕೆ ದೋಣಿಗಳಿಗೆ ಫೈಬರ್ ಹೊದಿಸುವ ಕೆಲಸ ನಡೆಯುತ್ತಲೇ ಇರುತ್ತದೆ. ದೋಣಿ ಕಟ್ಟುವವರನ್ನು ಕೇಳಿದರೆ ರೆಸಿನ್ ಎಲ್ಲಿಂದ ತರುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿಯವರು ತಮ್ಮ ಊರಿನ ಕೈಗಾರಿಕಾ ವಸಾಹತಿನಲ್ಲಿ ಫೈಬರ್ ಶೀಟು, ತೊಟ್ಟಿ ಮಾಡುವವರನ್ನು ಹುಡುಕಿ. ಸಣ್ಣ ಊರಾದರೆ ಫೈಬರ್ ಗೊಂಬೆ, ಮೂರ್ತಿ ಮಾಡುವವರು ಇರುತ್ತಾರೆ. ಹೊರದೇಶದಲ್ಲಿರುವ ಕನ್ನಡಿಗರು ದೋಣಿ ಸಾಮಾನಿನ ಅಂಗಡಿಗೆ ಹೋದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ.

ಆನ್‌ಲೈನ್ ಬಗ್ಗೆ ಒಂದು ಮಾತು. ಮ್ಯಾಟ್, ರೋಲರ್, ಮಾಸ್ಕ್ ಧಾರಾಳವಾಗಿ ತರಿಸಿ. ರೆಸಿನ್, ಹಾರ್ಡನರ್ ಮಾತ್ರ ಕೈಯಾರೆ ನೋಡಿ ತನ್ನಿ. ರೆಸಿನ್ ಬೆಂಕಿ ಹತ್ತುವ ಸರಕು, ಹಾರ್ಡನರ್ ಆರ್ಗ್ಯಾನಿಕ್ ಪೆರಾಕ್ಸೈಡ್, ಅಂದರೆ ಬಿಸಿಗೆ ಸಿಡಿಯಬಲ್ಲ ರಾಸಾಯನಿಕ. ಬಸ್ಸಿನ ಪಾರ್ಸೆಲ್‌ನಲ್ಲಿ, ರೈಲಿನಲ್ಲಿ ಹಾಕಿ ಕಳಿಸುವುದು ಬೇಡವೇ ಬೇಡ, ಬೇರೆ ಜನರ ಜೀವದ ಪ್ರಶ್ನೆ. ನಿಮ್ಮ ಕಾರಿನಲ್ಲೇ ತನ್ನಿ, ಕಿಟಕಿ ಸ್ವಲ್ಪ ಇಳಿಸಿರಿ. ರೆಸಿನ್ ಡಿಕ್ಕಿಯಲ್ಲಿ, ಹಾರ್ಡನರ್ ಮುಂದೆ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿ. ಕೋಬಾಲ್ಟ್ ಬೇರೆ ಇದ್ದರೆ ಅದು ರೆಸಿನ್ ಪಕ್ಕ ಇರಲಿ, ಹಾರ್ಡನರ್ ಪಕ್ಕ ಅಲ್ಲ. ದಾರಿಯಲ್ಲಿ ಊಟಕ್ಕೆ ಅಂತ ಬಿಸಿಲಿನಲ್ಲಿ ಕಾರು ನಿಲ್ಲಿಸಬೇಡಿ.

ತಂದ ದಿನವೇ ಪರೀಕ್ಷೆ

ಇದನ್ನು ಬಿಟ್ಟರೆ ನನ್ನ ಮೊದಲ ಬಾಕ್ಸ್‌ನ ಕಥೆಯೇ ನಿಮ್ಮದೂ ಆಗಬಹುದು. ಹೊರಗೆ, ಗಾಳಿ ಆಡುವ ನೆರಳಿನಲ್ಲಿ ಕೂರಿ. ಪ್ಲಾಸ್ಟಿಕ್ ಲೋಟದಲ್ಲಿ 100 ಗ್ರಾಂ ರೆಸಿನ್ ತೂಗಿ, ಸಿರಿಂಜ್‌ನಿಂದ ಒಂದೂವರೆ ಎಂ.ಎಲ್. ಹಾರ್ಡನರ್ ಹಾಕಿ. ಐಸ್‌ಕ್ರೀಮ್ ಕಡ್ಡಿಯಿಂದ ಒಂದು ನಿಮಿಷ, ಲೋಟದ ತಳ ಮತ್ತು ಅಂಚು ಕೆರೆದು ಕಲಸಿ. ಅಂಗೈ ಅಗಲದ ಎರಡು ಚೂರು ಮ್ಯಾಟ್ ತೆಗೆದುಕೊಂಡು, ಮೇಣ ಸವರಿದ ಫಾಯಿಲ್ ಮೇಲಿಟ್ಟು ಬ್ರಷ್‌ನಿಂದ ಕುಟ್ಟಿ.

ಈಗ ಮ್ಯಾಟ್ ಅನ್ನೇ ನೋಡುತ್ತಿರಿ. ಮೊದಲು ಹತ್ತಿಯ ಹಾಗೆ ಬೆಳ್ಳಗಿರುತ್ತದೆ. ಎರಡು ಮೂರು ನಿಮಿಷದಲ್ಲಿ ಎಳೆಗಳು ಒಂದೊಂದಾಗಿ ಸಡಿಲವಾಗುತ್ತವೆ, ಬಿಳುಪು ಹೋಗುತ್ತದೆ, ಕೆಳಗಿನ ಫಾಯಿಲ್‌ನ ಹೊಳಪು ಕಾಣತೊಡಗುತ್ತದೆ. ಇದು ಒಳ್ಳೆಯ ಮ್ಯಾಟ್, ಒಳ್ಳೆಯ ರೆಸಿನ್. ಐದು ನಿಮಿಷವಾದರೂ ಬಿಳಿ ದ್ವೀಪಗಳು ಉಳಿದಿದ್ದರೆ ಮ್ಯಾಟ್ ತೇವ ಇರಬಹುದು, ಇಲ್ಲ ರೆಸಿನ್ ಸಾಲದೇ ಇರಬಹುದು.

ಲೋಟದಲ್ಲಿ ಉಳಿದ ರೆಸಿನ್ ಹದಿನೈದರಿಂದ ಇಪ್ಪತ್ತೈದು ನಿಮಿಷದೊಳಗೆ ಜೆಲ್ಲಿಯಂತಾಗಬೇಕು, ಆಮೇಲೆ ಬಿಸಿಯಾಗಬೇಕು. ಬಿಸಿ ಬರುವುದು ಒಳ್ಳೆಯ ಲಕ್ಷಣ. ಬೇಸಿಗೆಯ ಮಧ್ಯಾಹ್ನ ಇದು ಬೇಗ ಆಗುತ್ತದೆ, ಡಿಸೆಂಬರ್ ಬೆಳಿಗ್ಗೆ ತಡ. ಹವೆ ನೋಡಿಕೊಂಡು ಹಾರ್ಡನರ್ ಹೆಚ್ಚುಕಡಿಮೆ ಮಾಡಬಹುದು, ಆದರೆ ಶೇ 1ಕ್ಕಿಂತ ಇಳಿಸಬೇಡಿ, ಶೇ 2 ದಾಟಬೇಡಿ. ಒಂದು ಗಂಟೆ ಕಳೆದರೂ ಲೋಟ ತಣ್ಣಗೆ, ನೀರುನೀರಾಗಿ ಇದ್ದರೆ ಕೋಬಾಲ್ಟ್ ಇಲ್ಲ ಅಥವಾ ಹಾರ್ಡನರ್ ಸತ್ತಿದೆ. ಅದೇ ದಿನ ಅಂಗಡಿಗೆ ವಾಪಸ್ ಹೋಗಿ. ಮರುದಿನ ಆ ಮ್ಯಾಟ್ ಚೂರನ್ನು ಬಗ್ಗಿಸಿ ನೋಡಿ. ಸುಲಭಕ್ಕೆ ಬಗ್ಗಬಾರದು, ಪದರ ಬಿಡಬಾರದು.

ಗಾಳಿ ತಾಗುವ ಮೇಲ್ಮೈ ಮಾತ್ರ ಸ್ವಲ್ಪ ಅಂಟಂಟಾಗಿ ಉಳಿದರೆ ಹೆದರಬೇಡಿ. ಪಾಲಿಯೆಸ್ಟರ್ ರೆಸಿನ್‌ನ ಗುಣವೇ ಅದು, ಮುಂದಿನ ಪದರ ಹಿಡಿಯಲು ಅದೇ ಅನುಕೂಲ. ಉಜ್ಜುವ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿದರೆ ಉಪ್ಪು ಕಾಗದ ಕಟ್ಟಿಕೊಳ್ಳುವುದಿಲ್ಲ.

ಈ ಸಾಮಾನು ಕಾರಿನಲ್ಲಿ ಹೇಗೆ ಬಳಕೆಯಾಗುತ್ತದೆ

ಸ್ಟೆಪ್ನಿ ಮುಚ್ಚಳ, ಜಾಕ್ ತೆಗೆಯಲು ಜಾಗ ಬಿಟ್ಟು ಗುರುತು ಹಾಕಿ. ಮೂಲೆಗೆ ಎರಡು ಪದರ ಮಾಸ್ಕಿಂಗ್ ಟೇಪ್, ಅದರ ಮೇಲೆ ಫಾಯಿಲ್, ಫಾಯಿಲ್ ಮೇಲೆ ಮೇಣ. ಸೀಟು, ಡಿಕ್ಕಿಯ ಅಂಚು ಎಲ್ಲ ಪ್ಲಾಸ್ಟಿಕ್‌ನಿಂದ ಮುಚ್ಚಿ. ಇಲ್ಲಿ ಸೋಮಾರಿತನ ಮಾಡಿದರೆ ಚಿಪ್ಪು ಕಾರಿಗೇ ಅಂಟಿಬಿಡುತ್ತದೆ.

ಎಲ್ಲ ಬಾಗಿಲು ತೆರೆದು ಕಾರಿನೊಳಗೆ ಎರಡು ಪದರ ಮಾತ್ರ ಹಾಕಿ. ಒಂದು ಸಲಕ್ಕೆ 200ರಿಂದ 300 ಗ್ರಾಂ ಮೀರಿ ಬೆರೆಸಬೇಡಿ. ಜಾಸ್ತಿ ಬೆರೆಸಿದರೆ ಡಬ್ಬಿಯಲ್ಲೇ ಕುದಿದು ಹೊಗೆ ಬರುತ್ತದೆ. ಬಂದರೆ ಡಬ್ಬಿಯನ್ನು ಬಯಲಿನಲ್ಲಿಡಿ. ಮರುದಿನ ಚಿಪ್ಪನ್ನು ಹೊರಗೆ ತೆಗೆದು, ಉಳಿದ ನಾಲ್ಕು ಪದರ ಅಂಗಳದಲ್ಲಿ ಹಾಕಿ. ಒಂದು ದಿನಕ್ಕೆ ಎರಡು ಪದರ ಸಾಕು. ಎಂ.ಡಿ.ಎಫ್. ಬಳೆಯನ್ನು ಮರದ ಕಡ್ಡಿಗಳ ಮೇಲೆ ನಿಲ್ಲಿಸಿ, ಚಿಪ್ಪಿನ ಅಂಚಿನಿಂದ ಬಳೆಗೆ ಬಟ್ಟೆ ಬಿಗಿಯಾಗಿ ಎಳೆದು ಸ್ಟೇಪಲ್ ಹೊಡೆಯಿರಿ. ಬಟ್ಟೆಗೆ ರೆಸಿನ್ ಕುಡಿಸಿ. ಗಟ್ಟಿಯಾದ ಮೇಲೆ ಬಳೆಯ ತೂತಿನೊಳಗೆ ಕೈ ಹಾಕಿ ಒಳಗಿನಿಂದ ಮ್ಯಾಟ್ ಹಚ್ಚಿ, ಹೊರಗಿನಿಂದ ಪುಟ್ಟಿ. ಉಜ್ಜುವಾಗ ತುಂಬು ತೋಳಿನ ಅಂಗಿ ಇರಲಿ. ಈ ಧೂಳು ಮೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆ. ಸ್ನಾನಕ್ಕೆ ಮೊದಲು ತಣ್ಣೀರು ಸುರಿದುಕೊಂಡು ತೊಳೆಯಿರಿ, ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಮೆಷಿನ್‌ಗೆ ಹಾಕಬೇಡಿ.

ಒಳಗೆ ಎಷ್ಟು ಲೀಟರ್ ಬಂತು ಅಂತ ನೋಡಲು ನಾನು ಕಡ್ಲೆಪುರಿ ಬಳಸುತ್ತೇನೆ. ಹಗುರ, ಎಲ್ಲ ಮೂಲೆಗೂ ಹೋಗಿ ಕೂರುತ್ತದೆ, ಸುಲಭವಾಗಿ ವಾಪಸ್ ಬರುತ್ತದೆ. ಬಾಕ್ಸ್ ತುಂಬ ಸುರಿದು, ಬಳೆಯ ಮಟ್ಟಕ್ಕೆ ಸವರಿ, ಆಮೇಲೆ 10 ಲೀಟರ್ ಬಕೆಟ್‌ಗೆ ಹಾಕಿ ಅಳೆಯಿರಿ. ಆ ಪುರಿ ತಿನ್ನಲು ಆಗುವುದಿಲ್ಲ, ಹಕ್ಕಿಗೂ ಹಾಕಬೇಡಿ, ಕಟ್ಟಿ ಕಸಕ್ಕೆ ಹಾಕಿ. ಒಂದೆರಡು ಲೀಟರ್ ಕಡಿಮೆ ಬಂದರೆ ದಿಂಬಿಗೆ ತುಂಬುವ ಫೈಬರ್ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ.

ಸ್ಪೀಕರ್ ಕೂರಿಸುವ ಮುಂಚೆ ಬಾಕ್ಸ್ ಅನ್ನು ಒಂದು ವಾರ ಬಿಸಿಲು, ಗಾಳಿಗೆ ಬಿಡಿ. ಸ್ಟೈರೀನ್ ವಾಸನೆ ಪೂರ್ತಿ ಹೋಗಬೇಕು. ಇಲ್ಲದಿದ್ದರೆ ಕಿಟಕಿ ಮುಚ್ಚಿದ ಕಾರಿನಲ್ಲಿ ಮಕ್ಕಳಿಗೆ ತಲೆನೋವು ಬರುತ್ತದೆ. ವಾಸನೆ ಹೋದ ಮೇಲೆ ಬಳೆಗೆ ಫೋಮ್ ಟೇಪ್ ಅಂಟಿಸಿ ಸ್ಪೀಕರ್ ಬಿಗಿಯಿರಿ. ಫೋನಿನಿಂದ 30 ಹರ್ಟ್ಜ್‌ನ ಒಂದೇ ಸ್ವರವನ್ನು ಸಣ್ಣ ಸದ್ದಿನಲ್ಲಿ ಬಿಡಿ. ಒಂದು ಊದುಬತ್ತಿ ಹಚ್ಚಿ, ಅಂಚು, ಟರ್ಮಿನಲ್, ಬಟ್ಟೆ ಮತ್ತು ಚಿಪ್ಪು ಸೇರುವ ಗೆರೆಯ ಉದ್ದಕ್ಕೂ ನಿಧಾನವಾಗಿ ಹಿಡಿಯುತ್ತಾ ಹೋಗಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಮುಂದೆ ಸಾಗಿ. ಎಲ್ಲಿ ಅದು ನಡುಗಿ ಚದುರುತ್ತದೋ ಅಲ್ಲಿ ಸೂಜಿ ತೂತಿದೆ. ಪೆನ್ಸಿಲ್‌ನಿಂದ ಗುರುತು ಮಾಡಿ, ಸ್ಪೀಕರ್ ಬಿಚ್ಚಿ, ಒಳಗಿನಿಂದ ಒಂದು ಚೂರು ಮ್ಯಾಟ್ ಮತ್ತು ಮಿಕ್ಕಿದ ರೆಸಿನ್ ಹಚ್ಚಿ. ಅದಕ್ಕೇ 7 ಕೆ.ಜಿ. ಹೇಳಿದ್ದು.